ಇಂಥವರ ಹೆಂಡತಿ, ಇಂಥವರ ತಾಯಿ

ಚುನಾವಣೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಧ್ವನಿವರ್ಧಕದ ಗದ್ದಲ, ಬಾಗಿಲಿಗೆ ಬಂದು ಕೈಮುಗಿಯುವ ಅಭ್ಯರ್ಥಿ, ಬೆರಳಿನ ಮೇಲಿನ ಕಪ್ಪು ಗೆರೆ. ಚುನಾವಣೆಯ ಅಕ್ರಮ ಎಂದರೆ ಹಣ, ಹೆಂಡ, ಹಂಚಿದ ಸೀರೆ, ಮತಗಟ್ಟೆಯ ಗಲಾಟೆ. ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ, ನಾವು ಓದಿ ಬೇಸರಪಟ್ಟುಕೊಳ್ಳುತ್ತೇವೆ. ಆದರೆ ಇದಕ್ಕೆಲ್ಲ ಎಷ್ಟೋ ತಿಂಗಳು ಮುಂಚೆ, ಯಾರ ಗಮನಕ್ಕೂ ಬಾರದೆ ನಡೆದುಹೋಗುವ ಕೆಲಸ ಒಂದಿದೆ. ಅದು ಮತದಾರರ ಪಟ್ಟಿ ಬರೆಯುವ ಕೆಲಸ. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆಮೇಲಿನ ಯಾವ ಶಿಸ್ತಿನಿಂದಲೂ ಪ್ರಯೋಜನವಿಲ್ಲ. ಪೆಟ್ಟಿಗೆಗೆ ಎಷ್ಟೇ ಭದ್ರವಾದ ಮುದ್ರೆ ಹಾಕಲಿ, ಎಣಿಕೆ ಎಷ್ಟೇ ಪ್ರಾಮಾಣಿಕವಾಗಿ ನಡೆಯಲಿ, ಅವರ ಪಾಲಿಗೆ ಚುನಾವಣೆ ನಡೆದೇ ಇಲ್ಲ.

ನಮ್ಮ ದೇಶದ ಮೊಟ್ಟಮೊದಲ ಮಹಾಚುನಾವಣೆಯಲ್ಲಿ ಹೀಗೆ ಹೊರಗುಳಿದವರಲ್ಲಿ ಸುಮಾರು 28 ಲಕ್ಷ ಹೆಂಗಸರಿದ್ದರು. ಅವರು ಮಾಡಿದ ಅಪರಾಧ ಇಷ್ಟೇ, ತಮ್ಮ ಹೆಸರು ಹೇಳಲಿಲ್ಲ. ಮೊದಲ ಸಲ ಇದನ್ನು ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಬಹಳ ದಿನ ಆ ಸಂಖ್ಯೆ ತಲೆಯಿಂದ ಇಳಿಯಲೂ ಇಲ್ಲ. ನಾವು ಓದಿದ ಶಾಲೆಯ ಪುಸ್ತಕಗಳಲ್ಲಿ ಮೊದಲ ಚುನಾವಣೆಯ ಬಗ್ಗೆ ಹೆಮ್ಮೆಯ ನಾಲ್ಕು ಸಾಲು ಇರುತ್ತಿತ್ತು. ಈ ಹೆಂಗಸರ ಸುದ್ದಿ ಮಾತ್ರ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದಿನಿಂದ ಹೇಳಬೇಕು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ಹೆಂಗಸರ ನಿಯೋಗವೊಂದು ಮದರಾಸಿನಲ್ಲಿ ಬ್ರಿಟಿಷ್ ಸರಕಾರದ ಭಾರತ ಸಚಿವ ಮಾಂಟೆಗು ಅವರನ್ನು ಕಂಡು, ಗಂಡಸರಿಗೆ ಮತ ಕೊಡುವುದಾದರೆ ನಮಗೂ ಕೊಡಿ ಎಂದು ಕೇಳಿತು. ನೇರ ಉತ್ತರ ಬರಲಿಲ್ಲ. 1919ರ ಕಾಯಿದೆ ಆ ತೀರ್ಮಾನವನ್ನು ಪ್ರಾಂತಗಳ ಶಾಸನ ಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದರಾಸು, ಮುಂಬಯಿ ಪ್ರಾಂತಗಳು ಒಪ್ಪಿದವು. ಮೈಸೂರು ಸಂಸ್ಥಾನದಲ್ಲೂ 1923ರ ಸುಧಾರಣೆಗಳ ಹೊತ್ತಿಗೆ ಹೆಂಗಸೆಂಬ ಕಾರಣಕ್ಕೆ ಮತ ಇಲ್ಲವೆನ್ನುವ ಅಡ್ಡಿ ಹೋಯಿತು. 1926ರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನ ಸಭೆಗೆ ಉಮೇದುವಾರರಾಗಿ ನಿಂತು, ಬಹಳ ಕಡಿಮೆ ಮತಗಳ ಅಂತರದಲ್ಲಿ ಸೋತರು. ಆಗ ಅವರಿಗೆ ವಯಸ್ಸು ಇಪ್ಪತ್ತಮೂರು.

ಕೇಳಲು ಇದು ಚೆಂದ. ಆದರೆ ಒಳಗೆ ಒಂದು ತೊಡಕು ಇತ್ತು. ಆಗಿನ ಮತ ಎಲ್ಲರಿಗಲ್ಲ, ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ. ಹೆಂಗಸಿನ ಹೆಸರಿನಲ್ಲಿ ಹೊಲ ಮನೆ ಎಲ್ಲಿತ್ತು? ಮೈಮೇಲಿನ ನಾಲ್ಕು ಒಡವೆಯೂ ಅವಳದೆಂದು ಗಟ್ಟಿಯಾಗಿ ಹೇಳುವ ಹಾಗಿರಲಿಲ್ಲ. ಹೀಗಾಗಿ ಹಕ್ಕು ಇದ್ದರೂ ಮತದಾರರಾದವರು ಬೆರಳೆಣಿಕೆಯಷ್ಟು ಜನ. ಇದಕ್ಕೆ ಪರಿಹಾರವೆಂದು 1935ರ ಕಾಯಿದೆ ಒಂದು ಉಪಾಯ ಹುಡುಕಿತು. ಗಂಡನಿಗೆ ಸಾಕಷ್ಟು ಆಸ್ತಿ ಇದ್ದರೆ ಹೆಂಡತಿಗೂ ಮತ ಎಂದಿತು. ಅವನು ತೀರಿಕೊಂಡಿದ್ದರೆ ಅವನ ವಿಧವೆಯೆಂಬ ನೆಲೆಯಲ್ಲಿ ಮತ. ಕೆಲವು ಪ್ರಾಂತಗಳಲ್ಲಿ ಅದಕ್ಕೂ ಅವಳೇ ಅರ್ಜಿ ಕೊಡಬೇಕಿತ್ತು. ಹೀಗೆ ಸುಮಾರು 60 ಲಕ್ಷ ಹೆಂಗಸರು ಪಟ್ಟಿಗೆ ಬಂದರು. ಅವರಲ್ಲಿ ಬಹಳ ಮಂದಿಗೆ ಇದ್ದ ಅರ್ಹತೆ ಒಂದೇ, ಇಂಥವರ ಹೆಂಡತಿ ಎಂಬುದು.

ಈ ಮಾತು ನೆನಪಿನಲ್ಲಿರಲಿ. 1935ರಲ್ಲಿ ಯಾವುದು ಹೆಂಗಸನ್ನು ಪಟ್ಟಿಯ ಒಳಗೆ ತಂದಿತೋ, ಹದಿನೈದು ವರ್ಷ ಕಳೆಯುವುದರಲ್ಲಿ ಅದೇ ಅವಳನ್ನು ಪಟ್ಟಿಯ ಹೊರಗೆ ಹಾಕಿತು.

ಸ್ವತಂತ್ರ ಭಾರತದ ಸಂವಿಧಾನ ಆಸ್ತಿಯ ಮಾತನ್ನೇ ಎತ್ತಲಿಲ್ಲ. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತ ಎಂದಿತು. ಗಂಡು ಹೆಣ್ಣು, ಬಡವ ಬಲ್ಲಿದ ಎಂಬ ಭೇದವಿಲ್ಲ. ಸ್ವಿಟ್ಜರ್ಲೆಂಡಿನಂಥ ಮುಂದುವರಿದ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತ ಸಿಕ್ಕಿದ್ದು 1971ರಲ್ಲಿ ಎಂದರೆ, ನಮ್ಮವರ ಧೈರ್ಯ ಎಂಥದೆಂದು ತಿಳಿಯುತ್ತದೆ. ಸಂವಿಧಾನ ಇನ್ನೂ ಕರಡಿನಲ್ಲಿದ್ದಾಗಲೇ, 1948ರಲ್ಲಿ, ಸಂವಿಧಾನ ಸಭೆಯ ಕಚೇರಿ ಪಟ್ಟಿಯ ಸಿದ್ಧತೆಗೆ ಕೈಹಾಕಿತು. 1950ರ ಜನವರಿ 25ರಂದು ಚುನಾವಣಾ ಆಯೋಗ ಹುಟ್ಟಿತು. ಬಂಗಾಳದ ಹಿರಿಯ ಅಧಿಕಾರಿ ಸುಕುಮಾರ ಸೇನ್ ಆ ಮಾರ್ಚಿನಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಗಣಿತ ಓದಿದ ಮನುಷ್ಯ, ಲೆಕ್ಕದಲ್ಲಿ ಕಟ್ಟುನಿಟ್ಟು. ಅವರ ಮುಂದೆ ಇದ್ದ ಲೆಕ್ಕವೂ ದೊಡ್ಡದೇ. ಮತದಾರರು 17 ಕೋಟಿ 32 ಲಕ್ಷ. ಅವರಲ್ಲಿ ಸುಮಾರು ಎಂಟು ಕೋಟಿ ಹೆಂಗಸರು. ನೂರಕ್ಕೆ ಎಂಬತ್ತೈದರಷ್ಟು ಜನಕ್ಕೆ ಓದು ಬರಹ ಬಾರದು.

ಗಣತಿಯವರು ಬರೆದು ತಂದ ಪಟ್ಟಿಗಳನ್ನು ತೆಗೆದು ನೋಡಿದಾಗ ವಿಚಿತ್ರವೊಂದು ಕಂಡಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಆಗಿನ ಮಧ್ಯಭಾರತ ಮತ್ತು ವಿಂಧ್ಯಪ್ರದೇಶ, ಮುಖ್ಯವಾಗಿ ಈ ರಾಜ್ಯಗಳಲ್ಲಿ ಸಾಲು ಸಾಲು ಹೆಂಗಸರ ಜಾಗದಲ್ಲಿ ಹೆಸರೇ ಇಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವನ ಮಗಳು ಎಂದಷ್ಟೇ ಬರೆದಿದೆ. ಪರಪುರುಷನ ಮುಂದೆ ಹೆಣ್ಣಿನ ಹೆಸರು ಹೇಳಬಾರದು ಎನ್ನುವುದು ಅಲ್ಲಿನ ರೂಢಿ. ಪಟ್ಟಿ ಬರೆಯಲು ಬಂದವರು ಹೆಚ್ಚಾಗಿ ಗಂಡಸರು. ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರೂ ಬಹುಪಾಲು ಗಂಡಸರೇ. ಯಾರ ಬಗ್ಗೆ ಮಾತು ನಡೆಯುತ್ತಿತ್ತೋ ಅವಳು ಒಳಗೆ ಒಲೆಯ ಮುಂದೆ ಇದ್ದಳು.

ನಮ್ಮ ಕಡೆಯ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ತಮಾಷೆ ಎನಿಸುತ್ತದೆ. ನಮ್ಮಲ್ಲಿ ಹೆಂಗಸು ತನ್ನ ಹೆಸರು ಹೇಳುತ್ತಾಳೆ, ಗಂಡನ ಹೆಸರು ಹೇಳುವುದಿಲ್ಲ! ಉತ್ತರ ಕರ್ನಾಟಕದ ಮನೆಗಳಲ್ಲಿ ಹಬ್ಬ ಹುಣ್ಣಿಮೆ, ಸೀಮಂತಗಳಲ್ಲಿ ಒಡಪು ಕಟ್ಟಿ, ಪ್ರಾಸ ಕೂಡಿಸಿ, ಕೊನೆಯ ಸಾಲಿನಲ್ಲಿ ನಾಚುತ್ತಾ ಅವನ ಹೆಸರು ಹೇಳಿಸುತ್ತಿದ್ದರು. ನಮ್ಮ ಅಜ್ಜಿಯ ಊರು ಆಗ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಪಟ್ಟಿ ಬರೆಯಲು ತಲಾಠಿ ಬಂದಾಗ ಅವನು ಕೇಳಿದ ಗಂಡನ ಹೆಸರಿಗೆ ಅಜ್ಜಿ ಕಟ್ಟೆಯ ಮೇಲೆ ಎಲೆ ಹಾಕುತ್ತ ಕೂತಿದ್ದ ಅಜ್ಜನ ಕಡೆ ಗದ್ದ ತಿರುಗಿಸಿದಳಂತೆ. ಅವಳ ಹೆಸರಿನದೂ ಒಂದು ಕತೆಯೇ. ತವರಿನಲ್ಲಿ ಇಟ್ಟ ಹೆಸರು ಒಂದು. ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಬರೆದು ಬದಲಾಯಿಸಿದ ಹೆಸರು ಇನ್ನೊಂದು. ಊರವರ ಬಾಯಲ್ಲಿ ಅವಳು ಮಾಸ್ತರರ ಮನೆಯವರು. ತಲಾಠಿ ಅಕ್ಕಿಯ ಹೆಸರನ್ನು ಬರೆದುಕೊಂಡು ಹೋದ. ನಾವು ಮೊಮ್ಮಕ್ಕಳಿಗೆ ತವರಿನ ಹೆಸರು ತಿಳಿದದ್ದು ಅವಳು ತೀರಿಕೊಂಡ ಮೇಲೆ, ತವರಿನ ಕಡೆಯ ಒಬ್ಬ ಮುದುಕಿ ಅದನ್ನು ಕರೆದು ಅತ್ತಾಗ.

ಹಾಗಾಗಿ ಉತ್ತರದ ಹೆಂಗಸರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಮರೆಸುವ ರೀತಿ ಬೇರೆ, ಅಷ್ಟೇ. ಆದರೂ ನಮ್ಮವರ ಹೆಸರು, ಯಾವುದೋ ಒಂದು, ಕಾಗದಕ್ಕೆ ಬಂತು. ಆಗ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಹೆಸರಿಲ್ಲದ ಪಟ್ಟಿಗಳಿಂದ ಆಯೋಗಕ್ಕೆ ತಲೆನೋವು ತಂದ ಮುಖ್ಯ ರಾಜ್ಯಗಳಲ್ಲಿ ಇವು ಇರಲಿಲ್ಲ.

ಈಗ ಸುಕುಮಾರ ಸೇನ್ ಏನು ಮಾಡಬೇಕಿತ್ತು, ಯೋಚಿಸಿ. ಇಂಥವನ ಹೆಂಡತಿ ಎಂದೇ ಇರಲಿ, ಮತ ಹಾಕಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮತದ ದಿನ ಮುಸುಕು ಹಾಕಿಕೊಂಡು ಬಂದ ಯಾರೇ ಆಗಲಿ, ನಾನು ರಾಮಲಾಲನ ಹೆಂಡತಿ ಎಂದರೆ ಅಲ್ಲ ಎನ್ನುವುದು ಹೇಗೆ? ಒಂದೇ ಊರಿನಲ್ಲಿ ನಾಲ್ಕು ಜನ ರಾಮಲಾಲರು. ಎರಡು ಮದುವೆ ಕಾನೂನಿಗೆ ವಿರುದ್ಧವಲ್ಲದ ಕಾಲ, ಒಬ್ಬನಿಗೆ ಇಬ್ಬರು ಹೆಂಡಿರಿದ್ದರೆ ಮತ ಯಾರದು? ಹೆಸರಿಲ್ಲದ ಸಾಲು ಎಂದರೆ ಬಾಗಿಲಿಲ್ಲದ ಮನೆ, ಯಾರು ಬೇಕಾದರೂ ನುಗ್ಗಬಹುದು. ಊರಿನ ಜೋರುಗಾರ ಅಂಥ ಮತಗಳನ್ನು ತನ್ನವೆಂದೇ ಲೆಕ್ಕ ಹಾಕುತ್ತಿದ್ದ.

ಆಯೋಗ ಖಂಡಿತವಾದ ಸೂಚನೆ ಕೊಟ್ಟಿತು. ಪ್ರತಿ ಹೆಂಗಸೂ ತನ್ನ ಸ್ವಂತ ಹೆಸರು ಹೇಳಬೇಕು, ಹೇಳದವಳನ್ನು ಪಟ್ಟಿಗೆ ಸೇರಿಸಕೂಡದು. ಬಿಹಾರಕ್ಕೆ ಒಂದು ತಿಂಗಳ ಹೆಚ್ಚಿನ ಗಡುವು ಸಿಕ್ಕಿತು. ಅಲ್ಲಿ ಅದು ಚೆನ್ನಾಗಿಯೇ ಉಪಯೋಗಕ್ಕೆ ಬಂತು, ಬಹಳಷ್ಟು ಹೆಂಗಸರ ನಿಜವಾದ ಹೆಸರು ಪಟ್ಟಿಗೆ ಏರಿತು. ರಾಜಸ್ಥಾನದಲ್ಲೂ ಅವಧಿ ಹೆಚ್ಚಿಸಿದರು, ಫಲ ಅಷ್ಟಾಗಿ ಸಿಗಲಿಲ್ಲ. ಎಲ್ಲ ಮುಗಿದ ಮೇಲೂ ಹೆಸರು ಸಿಗದೆ ಉಳಿದವರು ಸುಮಾರು 28 ಲಕ್ಷ. ಅಷ್ಟೂ ಸಾಲುಗಳನ್ನು ಹೊಡೆದುಹಾಕಲಾಯಿತು. ಇದರಿಂದ ಏಳುವ ಕೂಗು ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಸಂಕೋಚ ಹೋದೀತು ಎನ್ನುವುದು ಸೇನರ ನಿಲುವಾಗಿತ್ತು.

ಇದು ಸರಿಯೇ ತಪ್ಪೇ ಎಂದು ನಾನು ಬಹಳ ಸಲ ನನ್ನಲ್ಲೇ ವಾದಿಸಿದ್ದೇನೆ. ಹೆಸರೇ ಬೇಕು ಎಂದು ಸೇನ್ ಹಟ ಹಿಡಿದದ್ದು ಸರಿ ಎಂದೇ ನನ್ನ ಭಾವನೆ. ಅವರು ಅಂದು ಸಡಿಲ ಬಿಟ್ಟಿದ್ದರೆ, ಇಂಥವರ ಹೆಂಡತಿ ಎನ್ನುವುದೇ ಸರಕಾರಿ ಮೊಹರು ಬಿದ್ದ ಹೆಸರಾಗಿ ಎಷ್ಟು ಕಾಲ ನಡೆಯುತ್ತಿತ್ತೋ! ಗಣರಾಜ್ಯ ಹೆಣ್ಣಿನ ಬಾಗಿಲಿಗೆ ಬಂದು, ನಿನ್ನ ಗಂಡನ ಹೆಸರಿನಿಂದ ನಮಗೆ ಆಗಬೇಕಾದ್ದಿಲ್ಲ, ನಿನ್ನ ಹೆಸರು ಹೇಳು ಎಂದು ಕೇಳಿತಲ್ಲ, ಹಾಗೆ ಕೇಳಿದವರು ಅದಕ್ಕೂ ಮುಂಚೆ ಎಷ್ಟು ಜನ ಇದ್ದಾರು?

ಆದರೆ ಶಿಕ್ಷೆ ಬಿದ್ದದ್ದು ಯಾರಿಗೆ? ಹೆಸರು ಮುಚ್ಚಿಡುವ ರೂಢಿ ಮಾಡಿದ ಮಾವಂದಿರಿಗಲ್ಲ, ಬಾಗಿಲಲ್ಲಿ ನಿಂತು ಉತ್ತರ ಹೇಳಿದ ಗಂಡಂದಿರಿಗಲ್ಲ. ಅವರ ಮತ ಭದ್ರವಾಗಿತ್ತು. ಒಳಗಿದ್ದವಳ ಮತ ಹೋಯಿತು. ಅವಳಿಗೆ ಪ್ರಶ್ನೆ ಕೇಳಿಸಿತೋ ಇಲ್ಲವೋ ಎಂದು ನೋಡಿದವರು ಯಾರು? ನಡುಮನೆ ದಾಟಿ ಒಳಗೆ ಹೋಗಿ ಕೇಳಬಲ್ಲ ಹೆಂಗಸರನ್ನು ಮೊದಲೇ ಈ ಕೆಲಸಕ್ಕೆ ಕಳಿಸಿದ್ದರೆ ಆ 28 ಲಕ್ಷದಲ್ಲಿ ಎಷ್ಟೋ ಲಕ್ಷ ಉಳಿಯುತ್ತಿತ್ತು ಎಂದು ನನಗೆ ಅನಿಸುತ್ತದೆ. ನಿಯಮ ಕಟ್ಟುನಿಟ್ಟಾಗಿರಬೇಕಾದರೆ, ಅದನ್ನು ತಲುಪಿಸುವ ಕೈ ಅಷ್ಟೇ ಮೆತ್ತಗಿರಬೇಕು.

ಈ ಮಾತನ್ನು ನಾನು ಬರೀ ಪುಸ್ತಕ ಓದಿ ಹೇಳುತ್ತಿಲ್ಲ. ಶಾಲೆಯ ನೌಕರಿಯಲ್ಲಿದ್ದಾಗ ಪಟ್ಟಿ ಪರಿಷ್ಕರಣೆಗೆಂದು ಮನೆ ಮನೆ ತಿರುಗಿದವಳು ನಾನು. ಗಂಡಸರು ಬಾಗಿಲು ತೆರೆದರೆ ಎರಡು ನಿಮಿಷದಲ್ಲಿ ಉತ್ತರ ಮುಗಿಯುತ್ತಿತ್ತು. ಮನೆಯಲ್ಲಿ ನಾಲ್ಕು ಓಟು ಬರ್ಕೊಳ್ರಿ ಎನ್ನುವರು. ಒಳಗೆ ಹೋಗಿ ನೀರು ಕೇಳಿದರೆ ಆಗ ಐದನೆಯವಳು ಕಾಣುತ್ತಿದ್ದಳು. ಗಂಡ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದವಳು, ಇಲ್ಲವೇ ವಯಸ್ಸಾಗಿ ಮೂಲೆ ಹಿಡಿದ ಅತ್ತೆ. ಅವಳದೇನು ಬಿಡ್ರಿ ಎನ್ನುವ ಉತ್ತರ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಇಂದು ಬೂತ್ ಮಟ್ಟದ ಅಧಿಕಾರಿಗಳಾಗಿ ತಿರುಗುವ ಶಿಕ್ಷಕಿಯರನ್ನು, ಅಂಗನವಾಡಿ ಕಾರ್ಯಕರ್ತೆಯರನ್ನು ನೋಡಿದಾಗ ನನಗೆ ಸಮಾಧಾನವಾಗುವುದು ಇದಕ್ಕೇ. ಅವರು ಅಡುಗೆಮನೆಯವರೆಗೂ ಹೋಗಬಲ್ಲರು.

ಮೊದಲ ಚುನಾವಣೆಯಲ್ಲಿ ಆಯೋಗ ಹೆಂಗಸರನ್ನು ಮರೆತಿತ್ತು ಎಂದರೆ ಅನ್ಯಾಯವಾದೀತು. 27 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳನ್ನು ಹೆಂಗಸರಿಗಾಗಿಯೇ ಕಾದಿರಿಸಿದ್ದರು. ಓದು ಬಾರದವರಿಗೆ ಗುರುತಾಗಲೆಂದು ಚಿಹ್ನೆಗಳು ಬಂದವು. ನೊಗ ಹೊತ್ತ ಜೋಡೆತ್ತು, ಗುಡಿಸಲು, ಮರ, ದೀಪ, ತೆನೆ ಕುಡುಗೋಲು, ಎಲ್ಲ ದಿನಾ ಕಣ್ಣಿಗೆ ಬೀಳುವಂಥವೇ. ಪ್ರತಿ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಮತಪತ್ರದ ಮೇಲೆ ಏನೂ ಬರೆಯಬೇಕಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಇದಕ್ಕೆ 20 ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಕೆಲವರು ಮತಪತ್ರವನ್ನು ಸೆರಗಿನಲ್ಲೋ ಜೇಬಿನಲ್ಲೋ ಇಟ್ಟುಕೊಂಡು ಹೊರಗೆ ತಂದು ಮಾರಬಹುದೆಂಬ ದೋಷ ಈ ಪದ್ಧತಿಯಲ್ಲಿತ್ತು. ಆದ್ದರಿಂದಲೇ 1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಹೆಸರು, ಚಿಹ್ನೆ ಒಂದೇ ಹಾಳೆಯಲ್ಲಿದ್ದು ಅದಕ್ಕೆ ಮುದ್ರೆ ಒತ್ತಿ ಒಂದೇ ಪೆಟ್ಟಿಗೆಗೆ ಹಾಕುವ ಪದ್ಧತಿ ಬಂತು. ಒಬ್ಬರೇ ಎರಡು ಸಲ ಮತ ಹಾಕದಂತೆ ಬೆರಳಿಗೆ ಹಚ್ಚುವ ಶಾಯಿಯೂ 1962ರಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಹೋಗುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಬೆಳಕು ತಾಗಿದೊಡನೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ಪಾತ್ರೆ ತಿಕ್ಕುವ ಬೂದಿಗೂ ಬಿಡುವುದಿಲ್ಲ. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲಕ್ಕೆ ಭಾವಚಿತ್ರದ ಗುರುತಿನ ಚೀಟಿ ಆರಂಭವಾಯಿತು. ಆಮೇಲೆ ಮತಯಂತ್ರಗಳು ಬಂದವು, 2004ರ ಲೋಕಸಭಾ ಚುನಾವಣೆ ದೇಶದ ಉದ್ದಗಲಕ್ಕೂ ಅವುಗಳಲ್ಲೇ ನಡೆಯಿತು. ಆ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿ.ಇ.ಎಲ್.

ಒಂದೊಂದು ಮೋಸಕ್ಕೆ ಒಂದೊಂದು ಬೀಗ ಎನ್ನುವ ಹಾಗೆ ಇವೆಲ್ಲ ಬಂದವು. ಆದರೆ ಶಾಯಿ ಹಚ್ಚಬೇಕಾದರೂ, ಚೀಟಿ ಕೊಡಬೇಕಾದರೂ ಮೊದಲು ಪಟ್ಟಿಯಲ್ಲಿ ಹೆಸರು ಬೇಕು.

ಸೇನರ ಎಣಿಕೆ ಹುಸಿಯಾಗಲಿಲ್ಲ. ನಿಧಾನವಾಗಿ ಹೆಸರುಗಳು ಬಂದವು, ಹೆಸರಿನ ಹಿಂದೆ ಹೆಂಗಸರೂ ಬಂದರು. 1962ರ ಲೋಕಸಭಾ ಚುನಾವಣೆಯಲ್ಲಿ ನೂರು ಮಂದಿ ಗಂಡಸು ಮತದಾರರಲ್ಲಿ 63 ಜನ ಮತ ಹಾಕಿದರೆ, ಹೆಂಗಸರಲ್ಲಿ ಹಾಕಿದವರು 47ಕ್ಕಿಂತ ಕಡಿಮೆ. 2014ರಲ್ಲಿ ಆ ಅಂತರ ಎರಡಕ್ಕಿಂತ ಕೆಳಗಿಳಿಯಿತು. 2019ರಲ್ಲಿ ಮೊದಲ ಬಾರಿಗೆ ಹೆಂಗಸರು ಕೂದಲೆಳೆಯಷ್ಟು ಮುಂದೆ ಹೋದರು. 2024ರಲ್ಲೂ ಹಾಗೆಯೇ ಆಯಿತು.

ಇಷ್ಟಕ್ಕೇ ಕತೆ ಮುಗಿದು ಸುಖಾಂತವಾಯಿತು ಎಂದುಕೊಳ್ಳುವ ಹಾಗಿಲ್ಲ. 2025ರ ಜೂನ್‌ನಲ್ಲಿ ಆಯೋಗ ಬಿಹಾರದ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆಜ್ಞೆ ಮಾಡಿತು. ಆಗಸ್ಟ್ 1ರಂದು ಬಂದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಅವರು ತೀರಿಕೊಂಡವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಹೇಳಿತು. ಬದುಕಿ ಬಾಳುತ್ತಿರುವವರ ಹೆಸರೂ ಹೋಗಿದೆ ಎಂದು ದೂರಿದವರು ಸುಪ್ರೀಂ ಕೋರ್ಟಿಗೆ ಹೋದರು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ತಂದೆ ತಾಯಿಯ ಹೆಸರು ಅಲ್ಲಿತ್ತೆಂದು ತೋರಿಸಬಹುದಿತ್ತು. ಮದುವೆಯಾಗಿ ಬೇರೆ ಜಿಲ್ಲೆಗೆ ಬಂದ ಹೆಂಗಸಿಗೆ ಆ ಕಾಗದ ಇರುವುದು ತವರಿನಲ್ಲಿ! ಒಂದು ಕಾಲಕ್ಕೆ ಗಂಡನ ಹೆಸರಿನಿಂದ ಮತ, ಇನ್ನೊಂದು ಕಾಲಕ್ಕೆ ತಂದೆಯ ಹೆಸರಿನ ಹುಡುಕಾಟ. ಆಗಸ್ಟ್ 14ರಂದು ನ್ಯಾಯಾಲಯ, ಬಿಟ್ಟುಹೋದ ಪ್ರತಿಯೊಂದು ಹೆಸರನ್ನೂ ಕಾರಣದೊಂದಿಗೆ ಪ್ರಕಟಿಸಿ ಎಂದು ಆಜ್ಞೆ ಮಾಡಿತು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಮಾತು. 1951ರ ಆ 28 ಲಕ್ಷ ಹೆಂಗಸರ ಹೆಸರನ್ನು ಪ್ರಕಟಿಸುವುದು ಹೇಗೂ ಸಾಧ್ಯವಿರಲಿಲ್ಲ, ಪ್ರಕಟಿಸಲು ಹೆಸರೇ ಇರಲಿಲ್ಲವಲ್ಲ. ಈಗ ಹೊರಗೆ ಹಾಕಿದವಳಿಗೂ ಹೆಸರಿದೆ, ಏಕೆ ಹಾಕಿದಿರಿ ಎಂದು ಅವಳು ಕೇಳಬಹುದು. ಆ ವರ್ಷದ ನವೆಂಬರಿನಲ್ಲಿ ಬಿಹಾರದ ವಿಧಾನಸಭಾ ಚುನಾವಣೆ ನಡೆದಾಗ ಪಟ್ಟಿಯಲ್ಲಿದ್ದ ಹೆಂಗಸರಲ್ಲಿ ನೂರಕ್ಕೆ 71ಕ್ಕೂ ಹೆಚ್ಚು ಜನ ಬಂದು ಮತ ಹಾಕಿದರು. ಗಂಡಸರಲ್ಲಿ ಹಾಕಿದವರು 63ರ ಆಸುಪಾಸು. ಹೆಸರು ಹೇಳಲು ಒಂದು ತಿಂಗಳ ಗಡುವು ಬೇಡಿದ್ದ ನಾಡು ಅದು.

ಪಟ್ಟಿ ಶುದ್ಧವಾಗಿರಬೇಕು, ಸತ್ತವರ ಹೆಸರಿನಲ್ಲಿ ಮತ ಬೀಳಬಾರದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿ ಆರಿಸುವಾಗ ಕಲ್ಲಿನ ಜೊತೆ ಕಾಳೂ ಹೋಗದಂತೆ ನೋಡಿಕೊಳ್ಳುವುದು ನಮಗೆ ಗೊತ್ತಿರುವ ಕೆಲಸವೇ. ಮೊರದಲ್ಲಿ ಉಳಿದದ್ದನ್ನು ನೋಡಿದರೆ ಸಾಲದು, ಕೆಳಗೆ ಬಿದ್ದದ್ದನ್ನೂ ನೋಡಬೇಕು.

ಓದುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಚುನಾವಣೆ ಬರುವವರೆಗೆ ಕಾಯಬೇಡಿ. ಬಿಡುವಾದಾಗ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ, ಸರಿಯಾಗಿದೆಯೇ ನೋಡಿ. ಹೊಸದಾಗಿ ಸೇರಲು 6ನೇ ನಮೂನೆ, ತಪ್ಪು ತಿದ್ದಲು ಅಥವಾ ವಿಳಾಸ ಬದಲಾಯಿಸಲು 8ನೇ ನಮೂನೆ. ಯಾರಾದರೂ ನಿಮ್ಮ ಹೆಸರು ತೆಗೆಸಲು ಅರ್ಜಿ ಹಾಕುವುದಿದ್ದರೆ ಅದು 7ನೆಯದು, ಅದರ ಮೇಲೂ ಕಣ್ಣಿರಲಿ. ಮದುವೆಯಾಗಿ ಹೋದ ಮಗಳ ಹೆಸರು ಅವಳು ಹೋದಲ್ಲಿಗೆ ಹೋಗಿದೆಯೇ, ಬಂದ ಸೊಸೆಯ ಹೆಸರು ನಿಮ್ಮ ಬೀದಿಯ ಪಟ್ಟಿಗೆ ಬಂದಿದೆಯೇ ವಿಚಾರಿಸಿ. ಮನೆ ಕೆಲಸಕ್ಕೆ ಬರುವಾಕೆಯನ್ನೂ ಕೇಳಿ. ಅವಳನ್ನು ಕೇಳುವಾಗ ಮೊದಲು ಅವಳ ಪೂರ್ತಿ ಹೆಸರೇನೆಂದು ಕೇಳಿ. ಎಷ್ಟೋ ವರ್ಷಗಳಿಂದ ನಮ್ಮ ಮನೆಗಳಲ್ಲಿ ಅವಳು ಯಾರದೋ ತಾಯಿಯಾಗಿಯೇ ಇದ್ದಾಳೆ.